‘ಅಥಾರಿಟಿ’ ಎಂದ ಕಡೆಯಲ್ಲೆಲ್ಲ ‘ಔತೊರಿದಾದ್’ ಅಲ್ಲ: ಇಂಗ್ಲಿಷ್–ಸ್ಪ್ಯಾನಿಷ್ ನಡುವೆ ಕೆಲಸ ಮಾಡುವ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಸ್ಪ್ಯಾನಿಷ್ ಕಲಿತು ಅನುವಾದದ ಕೆಲಸಕ್ಕೆ ಇಳಿದವರು, ಸ್ಪೇನ್ ಅಥವಾ ಮೆಕ್ಸಿಕೊಗೆ ಕಾಗದಪತ್ರ ಕಳುಹಿಸಬೇಕಾದವರು, ಕಂಪನಿಯ ಒಪ್ಪಂದಗಳನ್ನು ಎರಡೂ ಭಾಷೆಗಳಲ್ಲಿ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಇಂಗ್ಲಿಷಿನ ‘ಅಥಾರಿಟಿ’ ಎಂಬ ಪದಕ್ಕೆ ಸ್ಪ್ಯಾನಿಷಿನಲ್ಲಿ ‘ಔತೊರಿದಾದ್’ ಎಂದು ಬರೆದರೆ ಏನು ತಪ್ಪು? ಎರಡೂ ಪದಗಳು ನೋಡುವುದಕ್ಕೆ ಅಕ್ಕತಂಗಿಯರಂತಿವೆ, ನಿಘಂಟು ಕೂಡ ಮೊದಲ ಅರ್ಥವಾಗಿ ಅದನ್ನೇ ಕೊಡುತ್ತದೆ. ಆದರೂ ಬರೆದದ್ದನ್ನು ಸ್ಪ್ಯಾನಿಷ್ ಮಾತೃಭಾಷೆಯವರಿಗೆ ತೋರಿಸಿದಾಗ ಅರ್ಧದಷ್ಟು ಕಡೆ ಕೆಂಪು ಗೆರೆ ಬೀಳುತ್ತದೆ. ಈ ಲೇಖನದಲ್ಲಿ ಆ ಗೆರೆ ಏಕೆ ಬೀಳುತ್ತದೆ ಎಂಬುದನ್ನೂ, ಬೀಳದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನೂ ಹಂತ ಹಂತವಾಗಿ ವಿವರಿಸಿದ್ದೇನೆ. ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಸ್ಪೇನಿನ ಬಹುಭಾಗದಲ್ಲಿ ಕೆಲವು ಪದಗಳ ‘ಸ’ಕಾರ ನಾಲಗೆಯನ್ನು ಹಲ್ಲಿಗೆ ತಾಗಿಸಿ ನುಡಿಯುವ ಧ್ವನಿಯಾಗುತ್ತದೆ.

ಕೆಲಸಕ್ಕೆ ಮೊದಲು ಕೈಯಲ್ಲಿರಬೇಕಾದವು

ಸ್ಪ್ಯಾನಿಷ್ ರಾಜ ಅಕಾಡೆಮಿಯ ಸಾಮಾನ್ಯ ನಿಘಂಟು ಮತ್ತು ಅದೇ ಸಂಸ್ಥೆಯ ಸರ್ವ-ಹಿಸ್ಪಾನಿಕ್ (ಅಂದರೆ ಸ್ಪ್ಯಾನಿಷ್ ಆಡುವ ಎಲ್ಲ ದೇಶಗಳನ್ನು ಒಳಗೊಂಡ) ಕಾನೂನು ನಿಘಂಟು, ಎರಡೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಾನೂನು ನಿಘಂಟಿನ ದೊಡ್ಡ ಉಪಕಾರವೆಂದರೆ ಒಂದು ಪದ ಯಾವ ದೇಶದಲ್ಲಿ ಯಾವ ಅರ್ಥದಲ್ಲಿ ಬಳಕೆಯಲ್ಲಿದೆ ಎಂಬುದನ್ನು ಅದು ಗುರುತಿಸಿ ಹೇಳುತ್ತದೆ. ಇವುಗಳ ಜೊತೆಗೆ ಮೂಲ ಪದವೊಂದೇ ಅಲ್ಲ, ಅದು ಕುಳಿತಿರುವ ಪೂರ್ಣ ವಾಕ್ಯ ಬೇಕು. ಅನುವಾದ ಯಾವ ದೇಶಕ್ಕೆ ಹೋಗುತ್ತದೆ ಎಂಬ ಖಚಿತ ಮಾಹಿತಿಯೂ ಬೇಕು. ಕೋಷ್ಟಕದ ಒಂದು ಕೋಶದಲ್ಲಿ ಒಂಟಿಯಾಗಿ ನಿಂತ ‘ಅಥಾರಿಟಿ’ಯನ್ನು ಸಂದರ್ಭ ಕೇಳದೆ ಅನುವಾದಿಸಲು ದಯವಿಟ್ಟು ಒಪ್ಪಿಕೊಳ್ಳಬೇಡಿ.

ಹಂತ 1: ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ

ಇದು ನನ್ನ ಮುಖ್ಯ ಸಲಹೆ. ಇಂಗ್ಲಿಷಿನಿಂದ ನೇರವಾಗಿ ಸ್ಪ್ಯಾನಿಷಿಗೆ ಜಿಗಿಯುವ ಬದಲು ನಡುವೆ ಒಂದು ಕ್ಷಣ ಕನ್ನಡದಲ್ಲಿ ನಿಲ್ಲಿ. ಮಾತಿನಲ್ಲಿ ನಾವೂ ‘ನಿನಗೇನು ಅಥಾರಿಟಿ ಇದೆ’ ಎಂದು ಕೇಳುತ್ತೇವೆ, ನಿಜ. ಆದರೆ ಬರವಣಿಗೆಗೆ ಕುಳಿತಾಗ ಕನ್ನಡವು ಈ ಒಂದೇ ಪದದೊಳಗಿನ ಅರ್ಥಗಳನ್ನು ಬೇರೆ ಬೇರೆ ಪದಗಳಿಗೆ ಹಂಚಿಬಿಡುತ್ತದೆ. ಒಂದು ಕೆಲಸ ಮಾಡಲು ಕಾನೂನು ಅಥವಾ ಮೇಲಿನವರು ಕೊಟ್ಟ ಬಲ ‘ಅಧಿಕಾರ’. ಆ ಬಲವನ್ನು ಹೊತ್ತ ಸಂಸ್ಥೆ ‘ಪ್ರಾಧಿಕಾರ’. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಎನ್ನುವಾಗ ಯಾರೂ ಅದನ್ನು ಅಧಿಕಾರ ಎನ್ನುವುದಿಲ್ಲ. ಒಂದು ಸಲಕ್ಕೆ ಕೊಡುವ ಒಪ್ಪಿಗೆ ‘ಅನುಮತಿ’. ವಾದವನ್ನು ನಿಲ್ಲಿಸಬಲ್ಲ ಗ್ರಂಥವೋ ತೀರ್ಪೋ ‘ಪ್ರಮಾಣ’ ಅಥವಾ ‘ಆಧಾರ’. ಒಂದು ವಿಷಯದಲ್ಲಿ ಯಾರ ಮಾತು ನಡೆಯುತ್ತದೆಯೋ ಅವರನ್ನು ನಾವು ‘ವಿದ್ವಾಂಸರು’ ಎನ್ನುತ್ತೇವೆ, ‘ಅವರ ಮಾತೇ ಪ್ರಮಾಣ’ ಎನ್ನುತ್ತೇವೆ.

ಹಾಗಾಗಿ ವಾಕ್ಯವನ್ನು ಕನ್ನಡದಲ್ಲಿ ಸಹಜವಾಗಿ ಹೇಳಿಕೊಂಡಾಗ ಯಾವ ಪದ ನಾಲಗೆಗೆ ಬಂತೋ ಅದೇ ಮುಂದಿನ ದಾರಿಯನ್ನು ತೋರಿಸುತ್ತದೆ. ಕನ್ನಡಿಗರಾದ ನಮಗೆ ಇದು ದೊಡ್ಡ ಅನುಕೂಲ. ಇಂಗ್ಲಿಷ್ ಒಂದನ್ನೇ ಬಲ್ಲವರು ಈ ವಿಂಗಡಣೆಯನ್ನು ಪ್ರಯತ್ನಪಟ್ಟು ಕಲಿಯಬೇಕಾಗುತ್ತದೆ.

ಬೇರಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಅದರ ಮೇಲೆ ನಿಂತಿವೆ. ಎರಡೂ ಪದಗಳ ತಾಯಿ ಲ್ಯಾಟಿನಿನ ‘ಔಕ್ತೊರಿತಾಸ್’. ಅದು ಹೆಚ್ಚಿಸು, ಬೆಳೆಸು ಎಂಬರ್ಥದ ಧಾತುವಿನಿಂದ ಬಂದ ‘ಔಕ್ತೊರ್’ ಎಂಬ ಪದದ ಕೂಸು. ರೋಮನ್ ಕಾನೂನಿನಲ್ಲಿ ಅಪ್ರಾಪ್ತ ವಯಸ್ಕನು ತನ್ನನ್ನು ಹೊಣೆಗೆ ಸಿಲುಕಿಸುವ ವ್ಯವಹಾರ ಮಾಡಿದಾಗ ಅವನ ಪಾಲಕನು ತನ್ನ ಔಕ್ತೊರಿತಾಸ್ ಸೇರಿಸಿದರೆ ಮಾತ್ರ ಅದು ಊರ್ಜಿತವಾಗುತ್ತಿತ್ತು. ಅಂದರೆ ಮೂಲದಲ್ಲಿ ಅದು ಆಜ್ಞೆ ಮಾಡುವ ಬಲವಲ್ಲ, ಇನ್ನೊಬ್ಬರ ಕೆಲಸಕ್ಕೆ ತೂಕ ಕೊಡುವ ಬೆಂಬಲ. ಆಜ್ಞೆಯ ಬಲಕ್ಕೆ ರೋಮನ್ನರಲ್ಲಿ ‘ಪೊತೆಸ್ತಾಸ್’ ಎಂಬ ಬೇರೆ ಪದವಿತ್ತು. ಚಕ್ರವರ್ತಿ ಅಗಸ್ಟಸ್ ತನ್ನ ಸಾಧನೆಗಳ ಶಾಸನದಲ್ಲಿ, ಔಕ್ತೊರಿತಾಸ್‌ನಲ್ಲಿ ತಾನು ಎಲ್ಲರನ್ನೂ ಮೀರಿದ್ದೆ, ಆದರೆ ಪೊತೆಸ್ತಾಸ್ ಮಾತ್ರ ಜೊತೆಯ ಅಧಿಕಾರಿಗಳಿಗಿಂತ ಹೆಚ್ಚೇನೂ ಇರಲಿಲ್ಲ ಎಂದು ಬರೆಸಿಕೊಂಡ. ಇಂಗ್ಲಿಷ್ ಈ ಎರಡನ್ನೂ ‘ಅಥಾರಿಟಿ’ಯೊಳಗೆ ಕರಗಿಸಿಕೊಂಡಿತು. ಸ್ಪ್ಯಾನಿಷಿನ ‘ಔತೊರಿದಾದ್’ ಕೂಡ ಆಜ್ಞೆಯ ಅರ್ಥವನ್ನು ಒಳಗೆ ಬಿಟ್ಟುಕೊಂಡಿದೆ. ಆದರೆ ಸ್ಪ್ಯಾನಿಷ್ ‘ಪೊತೆಸ್ತಾದ್’ ಎಂಬ ಇನ್ನೊಂದು ಪದವನ್ನೂ ಜೀವಂತವಾಗಿ ಉಳಿಸಿಕೊಂಡು, ಸುತ್ತಲೂ ಇನ್ನಷ್ಟು ಪದಗಳನ್ನು ಬೆಳೆಸಿಕೊಂಡಿದೆ.

ಹಂತ 2: ಉತ್ತರ ‘ಅಧಿಕಾರ’ ಎಂದಾದರೆ ಇಲ್ಲಿ ನಿಧಾನಿಸಿ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ‘ಈ ಒಪ್ಪಂದಕ್ಕೆ ಸಹಿ ಮಾಡುವ ಅಧಿಕಾರ ನಿರ್ದೇಶಕರಿಗಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯಕ್ಕೆ ‘ತಿಯೆನೆ ಔತೊರಿದಾದ್’ ಎಂದು ಬರೆದರೆ, ಅವರಿಗೆ ಗತ್ತು ಇದೆ, ಜನ ಅವರ ಮಾತು ಕೇಳುತ್ತಾರೆ ಎಂಬ ಛಾಯೆ ಮುಂದೆ ಬರುತ್ತದೆ. ಸ್ಪ್ಯಾನಿಷಿನವರು ಈ ಜಾಗದಲ್ಲಿ ಐದು ಪದಗಳಲ್ಲಿ ಒಂದನ್ನು ಆರಿಸುತ್ತಾರೆ.

ಮೊದಲನೆಯದು ‘ಫಕುಲ್ತಾದ್’, ಬಹುವಚನದಲ್ಲಿ ‘ಫಕುಲ್ತಾದೆಸ್’. ಒಬ್ಬ ವ್ಯಕ್ತಿಗೆ ನಿರ್ದಿಷ್ಟ ಕೆಲಸ ಮಾಡಲು ಇರುವ ಅಧಿಕಾರ ಇದು. ಮೇಲಿನ ವಾಕ್ಯಕ್ಕೆ ‘ತಿಯೆನೆ ಫಕುಲ್ತಾದೆಸ್ ಪಾರಾ ಫಿರ್ಮಾರ್’ ಅಥವಾ ‘ಎಸ್ತಾ ಫಕುಲ್ತಾದೊ ಪಾರಾ ಫಿರ್ಮಾರ್’ ಎಂಬುದೇ ಸರಿ. ಆಡಳಿತ ನಿರ್ವಹಣೆಯ ಪಠ್ಯಗಳಲ್ಲಿ ಅಧಿಕಾರವನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಎಂಬರ್ಥದಲ್ಲಿ ‘ದೆಲೆಗಸಿಯೋನ್ ದೆ ಔತೊರಿದಾದ್’ ಎಂಬ ಪ್ರಯೋಗವೂ ಕಾಣಸಿಗುತ್ತದೆ. ಆದರೆ ನೋಟರಿಯ ಮುಂದೆ ಹೋಗುವ ಪತ್ರದಲ್ಲಿ ‘ದೆಲೆಗಸಿಯೋನ್ ದೆ ಫಕುಲ್ತಾದೆಸ್’ ಎಂದೇ ಬರೆಯಿರಿ. ಇದೇ ಪದಕ್ಕೆ ವಿಶ್ವವಿದ್ಯಾಲಯದ ನಿಕಾಯ ಎಂಬ ಅರ್ಥವೂ ಇರುವುದರಿಂದ ಓದುವಾಗ ಎಚ್ಚರವಿರಲಿ.

ಎರಡನೆಯದು ‘ಪೊದೇರ್’. ಒಬ್ಬರು ಇನ್ನೊಬ್ಬರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ, ಮತ್ತು ಆ ಅಧಿಕಾರವನ್ನು ಬರೆದಿಟ್ಟ ಪತ್ರ, ಎರಡಕ್ಕೂ ಇದೇ ಹೆಸರು. ನಮ್ಮ ಮುಖ್ತ್ಯಾರುನಾಮೆಗೆ ನೇರ ಸಮಾನ ಇದು; ಅಧಿಕಾರ ಪಡೆದವನು ‘ಅಪೊದೆರಾದೊ’. ಇಲ್ಲಿ ಒಂದು ಗಂಭೀರ ಎಚ್ಚರಿಕೆಯಿದೆ. ಇಂಗ್ಲಿಷ್ ಮುಖ್ತ್ಯಾರುನಾಮೆಗಳಲ್ಲಿ ‘ಸಂಪೂರ್ಣ ಅಥಾರಿಟಿ ನೀಡಿದ್ದೇನೆ’ ಎಂಬ ಸಾರಾಸಗಟು ಮಾತು ಇರುತ್ತದೆ. ಮೆಕ್ಸಿಕೊದ ಫೆಡರಲ್ ಸಿವಿಲ್ ಸಂಹಿತೆಯ 2554ನೇ ವಿಧಿಯು ಸಾಮಾನ್ಯ ಅಧಿಕಾರಪತ್ರಗಳನ್ನು ಮೂರು ಬಗೆಯಾಗಿ ನೋಡುತ್ತದೆ: ವ್ಯಾಜ್ಯ ಮತ್ತು ವಸೂಲಿಗೆ ಒಂದು, ಆಸ್ತಿಯ ಆಡಳಿತಕ್ಕೆ ಒಂದು, ಮಾಲೀಕನಂತೆ ಆಸ್ತಿಯನ್ನು ವಿಲೇವಾರಿ ಮಾಡುವುದಕ್ಕೆ ಒಂದು. ಅಲ್ಲಿಗೆ ಹೋಗುವ ಪತ್ರದಲ್ಲಿ ‘ತೊದಾ ಔತೊರಿದಾದ್’ ಎಂದು ಬರೆದರೆ ಮೂರರಲ್ಲಿ ಯಾವುದು ಎಂಬುದೇ ತಿಳಿಯದು. ಇದು ಅನುವಾದಕರು ಊಹಿಸಿ ತುಂಬುವ ಜಾಗವೂ ಅಲ್ಲ. ಮೂಲ ಪತ್ರ ಬರೆಸುವ ಹಂತದಲ್ಲಿಯೇ ಅಲ್ಲಿನ ವಕೀಲರನ್ನು ಕೇಳುವಂತೆ ಕಕ್ಷಿದಾರರಿಗೆ ತಿಳಿಸಿ.

ಮೂರನೆಯದು ‘ಕೊಂಪೆತೆನ್ಸಿಯ’. ಕೆಲಸ ಯಾರ ವ್ಯಾಪ್ತಿಗೆ ಬರುತ್ತದೆ ಎಂಬ ಪ್ರಶ್ನೆ ಎದ್ದಾಗ ಈ ಪದ ಬೇಕು. ಸ್ಪೇನಿನ 1978ರ ಸಂವಿಧಾನದ 148 ಮತ್ತು 149ನೇ ವಿಧಿಗಳು ಸ್ವಾಯತ್ತ ಪ್ರಾಂತಗಳು ಯಾವ ವಿಷಯ ವಹಿಸಿಕೊಳ್ಳಬಹುದು, ಯಾವುದು ಕೇಂದ್ರಕ್ಕೆ ಮೀಸಲು ಎಂದು ಪಟ್ಟಿ ಮಾಡುತ್ತವೆ. ನಮ್ಮ ಸಂವಿಧಾನದ ಏಳನೇ ಅನುಸೂಚಿಯ ಪಟ್ಟಿಗಳನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ನಮ್ಮ ಸರ್ಕಾರಿ ಕನ್ನಡದ ‘ಸಕ್ಷಮ ಪ್ರಾಧಿಕಾರ’ ಎಂಬ ನುಡಿಗಟ್ಟಿಗೆ ‘ಔತೊರಿದಾದ್ ಕೊಂಪೆತೆಂತೆ’ ಎಂಬುದು ಅಳತೆ ಮಾಡಿ ಹೊಲಿದಂತೆ ಒಪ್ಪುತ್ತದೆ.

ನಾಲ್ಕನೆಯದು ‘ಪೊತೆಸ್ತಾದ್’. ಕಾನೂನೇ ವಹಿಸಿದ, ತನ್ನ ಲಾಭಕ್ಕಲ್ಲದೆ ಇತರರ ಹಿತಕ್ಕಾಗಿ ಚಲಾಯಿಸಬೇಕಾದ ಅಧಿಕಾರ ಇದು. ದಂಡ ವಿಧಿಸುವ, ನಿಯಮ ರೂಪಿಸುವ ಸರ್ಕಾರಿ ಅಧಿಕಾರಗಳಿಗೆ ಈ ಪದ ಸಲ್ಲುತ್ತದೆ. ಅಪ್ರಾಪ್ತ ಮಕ್ಕಳ ಮೇಲೆ ತಂದೆತಾಯಿಗಳಿಗಿರುವ ಅಧಿಕಾರ ಸ್ಪೇನಿನಲ್ಲಿ ‘ಪಾತ್ರಿಯ ಪೊತೆಸ್ತಾದ್’. ಮಗುವನ್ನು ಕರೆದುಕೊಂಡು ಸ್ಪೇನಿಗೆ ಹೋಗುವವರು ಕೊಡುವ ಒಪ್ಪಿಗೆ ಪತ್ರಗಳಲ್ಲಿ ಈ ಪದ ಎದುರಾಗುತ್ತದೆ. ಆದರೆ ಅರ್ಜೆಂಟೀನಾ 2015ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇದನ್ನು ಕೈಬಿಟ್ಟು ‘ಪೋಷಕರ ಹೊಣೆ’ ಎಂಬರ್ಥದ ‘ರೆಸ್ಪೊನ್ಸಬಿಲಿದಾದ್ ಪರೆಂತಾಲ್’ ಎಂದು ಬದಲಿಸಿದೆ. ದೇಶ ಯಾವುದೆಂದು ಮೊದಲೇ ಕೇಳಬೇಕು ಎಂದದ್ದು ಇದಕ್ಕಾಗಿಯೇ.

ಐದನೆಯ ‘ಅತ್ರಿಬುಸಿಯೊನೆಸ್’ ಒಂದು ಹುದ್ದೆಗೆ ಅಂಟಿಕೊಂಡ ಅಧಿಕಾರ ಮತ್ತು ಕರ್ತವ್ಯಗಳ ಪಟ್ಟಿ. ಮೇಯರ್ ಏನೇನು ಮಾಡಬಹುದು ಎಂಬ ಶೀರ್ಷಿಕೆಗೆ ಇದು ಸಾಕು.

ಹಂತ 3: ಉತ್ತರ ‘ಅನುಮತಿ’ ಎಂದಾದರೆ

ಇಲ್ಲಿ ಗೊಂದಲವಿಲ್ಲ. ‘ಯಾರ ಅಥಾರಿಟಿಯ ಮೇಲೆ ಬಾಗಿಲು ತೆಗೆದಿರಿ’ ಎಂಬಂಥ ವಾಕ್ಯಗಳಲ್ಲಿ ಲಿಖಿತ, ಔಪಚಾರಿಕ ಒಪ್ಪಿಗೆಯಾದರೆ ‘ಔತೊರಿಸಸಿಯೋನ್’, ಬಾಯಿಮಾತಿನದಾದರೆ ‘ಪೆರ್ಮಿಸೊ’.

ಹಂತ 4: ಉತ್ತರ ‘ಪ್ರಾಧಿಕಾರ’ ಎಂದಾದರೆ, ಹೆಸರೋ ವರ್ಣನೆಯೋ ನೋಡಿ

ಒಂದು ಸಾರ್ವಜನಿಕ ಸಂಸ್ಥೆಯನ್ನು ‘ಅಥಾರಿಟಿ’ ಎಂದು ಕರೆಯುವ ರೂಢಿ ಇಂಗ್ಲಿಷಿನಲ್ಲಿ ಗಟ್ಟಿಯಾಗಿದೆ: 1909ರಲ್ಲಿ ಲಂಡನ್ ಬಂದರಿಗೆ, 1921ರಲ್ಲಿ ನ್ಯೂಯಾರ್ಕ್ ಬಂದರಿಗೆ, 1933ರಲ್ಲಿ ಟೆನೆಸ್ಸೀ ಕಣಿವೆಗೆ ಇಂಥ ಪ್ರಾಧಿಕಾರಗಳು ಬಂದವು. ಸ್ಪ್ಯಾನಿಷಿನಲ್ಲಿ ಈ ಪ್ರಯೋಗ ಇಂದು ಅಪರೂಪವೇನಲ್ಲ. 1999ರ ಡಿಸೆಂಬರ್ 31ರಂದು ಕಾಲುವೆಯ ಆಡಳಿತ ವಹಿಸಿಕೊಂಡ ಪನಾಮಾದ ಸಂಸ್ಥೆಯ ಹೆಸರು ‘ಔತೊರಿದಾದ್ ದೆಲ್ ಕನಾಲ್ ದೆ ಪನಾಮಾ’. ಪೋರ್ಟೊರಿಕೊದಲ್ಲಿ ನೀರು ಮತ್ತು ಒಳಚರಂಡಿಯ ಸಂಸ್ಥೆ ಕೂಡ ಒಂದು ‘ಔತೊರಿದಾದ್’. ಅಲ್ಲಿ ಅಮೆರಿಕದ ಆಡಳಿತದ ಅಚ್ಚು ಸ್ಪಷ್ಟವಾಗಿದೆ. ಸ್ಪೇನಿನ ಬಂದರು ಆಡಳಿತಗಳೂ ‘ಔತೊರಿದಾದ್ ಪೊರ್ತ್ವಾರಿಯ’ ಎಂದೇ ಕರೆಸಿಕೊಳ್ಳುತ್ತವೆ.

ಆದ್ದರಿಂದ ಅಧಿಕೃತ ಹೆಸರಿದ್ದರೆ ಅದನ್ನು ಹುಡುಕಿ, ಇದ್ದಂತೆಯೇ ಬಳಸಿ. ಹೆಸರಲ್ಲದ ವರ್ಣನೆಯಾದರೆ ‘ಒರ್ಗನಿಸ್ಮೊ’, ಅಂದರೆ ಸರ್ಕಾರಿ ಸಂಸ್ಥೆ, ಎಂಬುದು ಸುರಕ್ಷಿತ. ಬ್ರಿಟನ್ನಿನ ಪತ್ರಗಳಲ್ಲಿ ಬರುವ ‘ಲೋಕಲ್ ಅಥಾರಿಟಿ’ ನಮ್ಮ ‘ಸ್ಥಳೀಯ ಸಂಸ್ಥೆ’. ಅದಕ್ಕೆ ಸಾಮಾನ್ಯವಾಗಿ ‘ಅದ್ಮಿನಿಸ್ತ್ರಸಿಯೋನ್ ಲೊಕಾಲ್’, ನಗರಸಭೆಯೆಂದು ಖಚಿತವಾದರೆ ಸ್ಪೇನಿನ ಓದುಗರಿಗೆ ‘ಅಯುಂತಮಿಯೆಂತೊ’.

ನಮ್ಮಲ್ಲಿ ಬಹಳ ಮಂದಿ ಮೊದಲು ಎಡವುವ ಕಾಗದ ಜನನ ಪ್ರಮಾಣಪತ್ರ. ಅದರ ಕೆಳತುದಿಯಲ್ಲಿ, ಮುದ್ರೆ ಒತ್ತುವ ಜಾಗದ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ ‘ಇಷ್ಯೂಯಿಂಗ್ ಅಥಾರಿಟಿ’ ಎಂದಿರುತ್ತದೆ. ಇದಕ್ಕೆ ‘ಔತೊರಿದಾದ್ ಎಕ್ಸ್‌ಪೆದಿದೊರಾ’ ಎಂಬುದು ಸರಿಯಾದ ಅನುವಾದ. ಇಲ್ಲಿ ಔತೊರಿದಾದ್ ಪದವೇ ಬೇಕು, ಏಕೆಂದರೆ ಸಹಿ ಮಾಡಿದವರು ಸರ್ಕಾರದ ಪರವಾಗಿ ನಿಂತ ಅಧಿಕಾರಿ. ಅದೇ ಕಾಗದಕ್ಕೆ ಅಪೊಸ್ತಿಲ್ ಬಿದ್ದಾಗಲೂ, ಅಂದರೆ 1961ರ ಹೇಗ್ ಒಪ್ಪಂದದ ಪ್ರಕಾರ ಸಹಿ ಮತ್ತು ಮುದ್ರೆ ನಿಜವೆಂದು ದೃಢೀಕರಿಸುವ ಚೀಟಿ ಬಂದಾಗಲೂ, ಅದನ್ನು ಕೊಡುವವರು ‘ಔತೊರಿದಾದ್ ಕೊಂಪೆತೆಂತೆ’ಯೇ. ಭಾರತ 2005ರಿಂದ ಈ ಒಪ್ಪಂದದಲ್ಲಿದೆ.

ಹಂತ 5: ಉತ್ತರ ‘ಪ್ರಮಾಣ’ ಅಥವಾ ‘ಆಧಾರ’ ಎಂದಾದರೆ

ಈ ಹಂತವನ್ನು ಎರಡಾಗಿ ಸೀಳಿಕೊಳ್ಳಿ. ವಿದ್ವಾಂಸರ ವಿಷಯವಾದರೆ ಎರಡು ಭಾಷೆಗಳೂ ಕೂಡಿ ನಡೆಯುತ್ತವೆ: ‘ಎಸ್ ಉನಾ ಔತೊರಿದಾದ್ ಎನ್ ಲಾ ಮತೇರಿಯ’ ಎಂದರೆ ಈ ವಿಷಯದಲ್ಲಿ ಅವರ ಮಾತೇ ಪ್ರಮಾಣ ಎಂದೇ ಅರ್ಥ. ತರ್ಕದಲ್ಲಿ ಬರುವ ‘ಅರ್ಗುಮೆಂತೊ ದೆ ಔತೊರಿದಾದ್’ ಎಂಬುದು ಬಲ್ಲವರ ಮಾತನ್ನು ಮುಂದಿಟ್ಟು ಮಾಡುವ ವಾದ. ನಮ್ಮ ನ್ಯಾಯದರ್ಶನದ ಆಪ್ತವಾಕ್ಯ, ಶಬ್ದಪ್ರಮಾಣಗಳ ನೆರೆಮನೆಯ ಕಲ್ಪನೆ.

ಹಳೆಯ ಸ್ಪ್ಯಾನಿಷಿನಲ್ಲಿ ಈ ಅರ್ಥ ಇನ್ನೂ ವಿಶಾಲವಾಗಿತ್ತು. ರಾಜ ಅಕಾಡೆಮಿ ಸ್ಥಾಪನೆಯಾದದ್ದು 1713ರಲ್ಲಿ. ಅದರ ಮೊದಲ ನಿಘಂಟು 1726ರಿಂದ 1739ರವರೆಗೆ ಆರು ಸಂಪುಟಗಳಲ್ಲಿ ಹೊರಬಂತು. ಜನ ಅದನ್ನು ‘ಔತೊರಿದಾದೆಸ್’ ನಿಘಂಟು ಎಂದು ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ. ಇಲ್ಲಿ ಆ ಪದಕ್ಕೆ ಅಧಿಕಾರಿಗಳು ಎಂಬ ಅರ್ಥವಿಲ್ಲ. ಪ್ರತಿ ಪದದ ಬಳಕೆಗೆ ಆಧಾರವಾಗಿ ಲೇಖಕರ ಬರಹಗಳಿಂದ ಎತ್ತಿಕೊಟ್ಟ ಸಾಲುಗಳೇ ಔತೊರಿದಾದೆಸ್. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟನ್ನು ತೆರೆದು ನೋಡಿದವರಿಗೆ, ಅರ್ಥದ ಕೆಳಗೆ ಕಾವ್ಯದ ಸಾಲನ್ನು ಪ್ರಯೋಗವಾಗಿ ಕೊಡುವ ಈ ಕ್ರಮ ಪರಿಚಿತವೇ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡವರು ಹಳೆಯ ಸ್ಪ್ಯಾನಿಷ್ ಪಠ್ಯಗಳನ್ನು ತಪ್ಪಾಗಿ ಓದುವುದಿಲ್ಲ.

ನ್ಯಾಯಾಲಯದ ವಿಷಯವಾದರೆ ಮಾತ್ರ ದಾರಿಗಳು ಕವಲೊಡೆಯುತ್ತವೆ. ಇಂಗ್ಲಿಷ್ ವಕೀಲರು ‘ಅಥಾರಿಟೀಸ್’ ಎಂದಾಗ ತಾವು ಉಲ್ಲೇಖಿಸುವ ಹಿಂದಿನ ತೀರ್ಪುಗಳನ್ನೂ ಕಾಯ್ದೆಗಳನ್ನೂ ಹೇಳುತ್ತಿರುತ್ತಾರೆ. ಅದನ್ನು ‘ಔತೊರಿದಾದೆಸ್’ ಎಂದರೆ ಸ್ಪ್ಯಾನಿಷ್ ಓದುಗನ ಕಣ್ಣೆದುರು ಸರ್ಕಾರಿ ಅಧಿಕಾರಿಗಳ ಸಾಲು ನಿಲ್ಲುತ್ತದೆ. ತೀರ್ಪುಗಳಾದರೆ ‘ಹುರಿಸ್ಪ್ರುದೆನ್ಸಿಯ’ ಎಂದು ಬರೆಯಿರಿ. ಇಂಗ್ಲಿಷಿನಲ್ಲಿ ಇದೇ ರೂಪದ ಪದಕ್ಕೆ ನ್ಯಾಯತತ್ತ್ವಶಾಸ್ತ್ರ ಎಂಬ ಅರ್ಥವಿರುವುದು ಬೇರೆಯೇ ಒಂದು ಬಲೆ. ಸ್ಪೇನಿನ ಸಿವಿಲ್ ಸಂಹಿತೆಯ ಒಂದನೇ ವಿಧಿಯ ಪ್ರಕಾರ ಸರ್ವೋಚ್ಚ ನ್ಯಾಯಾಲಯ ಪದೇ ಪದೇ ಎತ್ತಿಹಿಡಿದ ನಿಲುವು ಕಾನೂನು ವ್ಯವಸ್ಥೆಗೆ ಪೂರಕವಾಗುತ್ತದೆ. ಇಂಗ್ಲೆಂಡಿನಲ್ಲಿಯಂತೆ ಮೇಲಿನ ನ್ಯಾಯಾಲಯದ ಒಂದೇ ತೀರ್ಪು ತಾನೇ ಕಟ್ಟುಪಾಡಾಗುವ ಕ್ರಮ ಅದಲ್ಲ. ಹೀಗಾಗಿ ಪದ ಬದಲಿಸಿದರೂ ಕಲ್ಪನೆ ಪೂರ್ತಿ ಹೊಂದದಿದ್ದಲ್ಲಿ ಅಡಿಟಿಪ್ಪಣಿ ಹಾಕುವುದು ಪ್ರಾಮಾಣಿಕ ದಾರಿ.

ಪತ್ರಿಕಾ ಭಾಷೆಯಲ್ಲಿ ‘ಬಲ್ಲ ಮೂಲಗಳಿಂದ ತಿಳಿದುಬಂದಿದೆ’ ಎನ್ನುವ ಕಡೆ ಇಂಗ್ಲಿಷ್ ‘ಅಥಾರಿಟಿ’ಯನ್ನು ತಂದರೆ ಸ್ಪ್ಯಾನಿಷ್ ನಮ್ಮಂತೆಯೇ ‘ಮೂಲ’ವನ್ನು ತರುತ್ತದೆ: ‘ದೆ ಬ್ವೆನಾ ಫ್ವೆಂತೆ’.

ಹಂತ 6: ಹಿಮ್ಮುಖವಾಗಿಯೂ ನಡೆದು ನೋಡಿ

ಸ್ಪ್ಯಾನಿಷಿನಿಂದ ಇಂಗ್ಲಿಷಿಗೋ ಕನ್ನಡಕ್ಕೋ ಬರುವಾಗ ಕಷ್ಟ ಬೇರೆ ಬಗೆಯದು. ಸ್ಪ್ಯಾನಿಷಿನಲ್ಲಿ ಔತೊರಿದಾದ್ ಎಂಬುದು ಒಬ್ಬ ವ್ಯಕ್ತಿಯೇ ಆಗಿರಬಹುದು. ಸ್ಪೇನಿನ 1995ರ ದಂಡಸಂಹಿತೆಯ 24ನೇ ವಿಧಿಯು ಸ್ವಂತವಾಗಿ ಆಜ್ಞೆ ಮಾಡುವ ಅಥವಾ ನ್ಯಾಯಾಧಿಕಾರ ಚಲಾಯಿಸುವವನನ್ನು ಔತೊರಿದಾದ್ ಎಂದು ಪರಿಗಣಿಸುತ್ತದೆ. ಪೊಲೀಸರು ಸಾಮಾನ್ಯವಾಗಿ ಔತೊರಿದಾದ್ ಅಲ್ಲ, ‘ಔತೊರಿದಾದ್‌ನ ಪ್ರತಿನಿಧಿಗಳು’. ಮ್ಯಾಡ್ರಿಡ್ ಪ್ರಾಂತ 2010ರಲ್ಲಿ ಕಾನೂನು ಮಾಡಿ ಶಾಲಾ ಶಿಕ್ಷಕರಿಗೆ ‘ಔತೊರಿದಾದ್ ಪೂಬ್ಲಿಕಾ’ ಸ್ಥಾನ ಕೊಟ್ಟಿತು. ಇದನ್ನು ‘ಶಿಕ್ಷಕರಿಗೆ ಅಧಿಕಾರ ಕೊಟ್ಟರು’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ಕಾನೂನಿನ ಕಣ್ಣಿಗೆ ಶಿಕ್ಷಕರೇ ಸಾರ್ವಜನಿಕ ಪ್ರಾಧಿಕಾರಿಗಳಾದರು ಎಂಬುದು ಅದರ ತಿರುಳು.

ಮೆಕ್ಸಿಕೊದಲ್ಲಿ ‘ಔತೊರಿದಾದ್ ರೆಸ್ಪೊನ್ಸಾಬ್ಲೆ’ ಎಂದರೆ ಹೊಣೆಗಾರಿಕೆಯುಳ್ಳ ಅಧಿಕಾರಿ ಎಂದು ಓದಬೇಡಿ. ಮೂಲಭೂತ ಹಕ್ಕುಗಳ ರಕ್ಷಣೆಗೆ ಹೂಡುವ ‘ಅಂಪಾರೊ’ ಎಂಬ ದಾವೆಯಲ್ಲಿ ಯಾರ ಕ್ರಮವನ್ನು ಪ್ರಶ್ನಿಸಲಾಗಿದೆಯೋ ಆ ಎದುರುಪಕ್ಷದ ಹೆಸರು ಅದು. 2013ರ ಅಂಪಾರೊ ಕಾನೂನಿನ ಪ್ರಕಾರ, ಕಾನೂನಿನ ಬಲದಿಂದ ಪ್ರಾಧಿಕಾರದ ಕ್ರಮಕ್ಕೆ ಸಮನಾದ ಕೆಲಸ ಮಾಡುವ ಖಾಸಗಿಯವರೂ ಆ ಸ್ಥಾನಕ್ಕೆ ಬರಬಹುದು.

ಬಹುವಚನದ ‘ಲಾಸ್ ಔತೊರಿದಾದೆಸ್’ ಸುದ್ದಿಯಲ್ಲಿ ಬಂದರೆ ‘ಅಧಿಕಾರಿಗಳು’. ಉದ್ಘಾಟನೆಯ, ಮೆರವಣಿಗೆಯ ವರದಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ಬಗ್ಗೆ ಬಂದರೆ ‘ಗಣ್ಯರು’. ಏಕವಚನದ ಸೊಗಸನ್ನು ನೋಡಬೇಕೆಂದರೆ ಸ್ಪೇನಿನ ಗೂಳಿ ಕಾಳಗದ ಭಿತ್ತಿಪತ್ರ ನೋಡಿ. ದಿನಾಂಕ, ಗೂಳಿ ಸಾಕಿದವರ ಹೆಸರು, ಹೋರಾಟಗಾರರ ಹೆಸರುಗಳ ಜೊತೆಗೆ ಒಂದು ಸಾಲು: ‘ಕೊನ್ ಪೆರ್ಮಿಸೊ ದೆ ಲಾ ಔತೊರಿದಾದ್ ಈ ಸಿ ಎಲ್ ತಿಯೆಂಪೊ ನೊ ಲೊ ಇಂಪಿದೆ’. ಸರ್ಕಾರದವರ ಅಪ್ಪಣೆಯಿಂದ, ಮಳೆಗಾಳಿ ಅಡ್ಡಿಪಡಿಸದಿದ್ದರೆ, ಎಂದರ್ಥ. ಯಾವ ಅಧಿಕಾರಿ ಎಂದು ಹೆಸರಿಸದೆ ಆಳುವ ಕೈಯನ್ನೇ ಒಂದು ವ್ಯಕ್ತಿಯಂತೆ ಹೇಳುವ ಈ ಪ್ರಯೋಗಕ್ಕೆ ಇಂಗ್ಲಿಷ್ ಸಾಮಾನ್ಯವಾಗಿ ಬಹುವಚನವನ್ನೇ ಬಳಸಬೇಕಾಗುತ್ತದೆ.

ಹಂತ 7: ವಿಶೇಷಣಗಳನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿ

ಇಂಗ್ಲಿಷಿನ ‘ಅಥಾರಿಟೇಟಿವ್’ ಹೊಗಳಿಕೆ, ‘ಅಥಾರಿಟೇರಿಯನ್’ ತೆಗಳಿಕೆ. ಸ್ಪ್ಯಾನಿಷಿನ ‘ಔತೊರಿತಾರಿಯೊ’ ಎರಡನೆಯದಕ್ಕೆ ಮಾತ್ರ, ಸರ್ವಾಧಿಕಾರಿ ಧೋರಣೆಗೆ, ಸಲ್ಲುತ್ತದೆ. ಒಂದು ಪ್ರಮಾಣಭೂತ ಗ್ರಂಥವನ್ನೋ ಗುರುವನ್ನೋ ‘ಔತೊರಿತಾರಿಯೊ’ ಎಂದು ಬರೆದರೆ ಅವಮಾನವಾಗುತ್ತದೆ. ಅಲ್ಲಿಗೆ ‘ಔತೊರಿಸಾದೊ’ ಬೇಕು. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದುಡಿಯುವವರು ಕಾಣುವ ‘ಸೆರ್ವಿದೊರ್ ಔತೊರಿತಾತಿವೊ’ ಎಂಬುದು, ಅಂದರೆ ಒಂದು ಜಾಲತಾಣದ ಹೆಸರಿನ ಬಗ್ಗೆ ಮೂಲ ದಾಖಲೆ ಹೊಂದಿ ಅಂತಿಮ ಉತ್ತರ ಕೊಡುವ ಸರ್ವರ್, ಕಂಪ್ಯೂಟರ್ ಕ್ಷೇತ್ರದ ರೂಢಿ. ಅದನ್ನು ಅಲ್ಲಿಗೇ ಬಿಡಿ. ಒಪ್ಪಂದವೊಂದರ ಎರಡು ಭಾಷೆಯ ಪಠ್ಯಗಳು ಸಮಾನವಾಗಿ ಪ್ರಮಾಣ ಎನ್ನಲು ‘ಔತೆಂತಿಕೊ’ ಬಳಸಿ. ವಿಶ್ವಸಂಸ್ಥೆಯ ಸನ್ನದಿನ 111ನೇ ವಿಧಿ ತನ್ನ ಐದು ಭಾಷೆಯ ಪಠ್ಯಗಳ ಬಗ್ಗೆ ಹೇಳುವುದೂ ಇದೇ ಪದದಿಂದ.

ಅಭ್ಯಾಸಕ್ಕೆ ಒಂದು ವಾಕ್ಯ

ಇಂಗ್ಲಿಷಿನಲ್ಲಿ ಹೀಗೊಂದು ವಾಕ್ಯವಿದೆ ಎಂದುಕೊಳ್ಳಿ: ‘ದಿ ಅಥಾರಿಟಿ ಹ್ಯಾಸ್ ನೋ ಅಥಾರಿಟಿ ಟು ಆ್ಯಕ್ಟ್ ವಿದೌಟ್ ದಿ ಅಥಾರಿಟಿ ಆಫ್ ದಿ ಮಿನಿಸ್ಟರ್, ಆ್ಯಂಡ್ ದೇರ್ ಈಸ್ ಆಂಪಲ್ ಅಥಾರಿಟಿ ಫಾರ್ ದಿಸ್.’ ನಾಲ್ಕು ಸಲ ಒಂದೇ ಪದ. ಮೊದಲು ಕನ್ನಡಕ್ಕೆ ತನ್ನಿ: ‘ಸಚಿವರ ಅನುಮತಿಯಿಲ್ಲದೆ ಕ್ರಮ ಕೈಗೊಳ್ಳುವ ಅಧಿಕಾರ ಪ್ರಾಧಿಕಾರಕ್ಕಿಲ್ಲ, ಇದಕ್ಕೆ ಸಾಕಷ್ಟು ತೀರ್ಪುಗಳ ಆಧಾರವಿದೆ.’ ನಾಲ್ಕು ಪದಗಳು ತಾವಾಗಿಯೇ ಬೇರೆಬೇರೆಯಾಗಿ ನಿಂತವು. ಈಗ ಒಂದೊಂದನ್ನೇ ಅದರ ಹಂತಕ್ಕೆ ಕಳುಹಿಸಿ, ಸಂಸ್ಥೆಯ ವ್ಯಾಪ್ತಿಯ ಮಾತಾದ್ದರಿಂದ ಅಧಿಕಾರಕ್ಕೆ ‘ಕೊಂಪೆತೆನ್ಸಿಯ’ ಆರಿಸಿಕೊಂಡು ಬರೆಯಿರಿ: ‘ಎಲ್ ಒರ್ಗನಿಸ್ಮೊ ನೊ ತಿಯೆನೆ ಕೊಂಪೆತೆನ್ಸಿಯ ಪಾರಾ ಅಕ್ತುವಾರ್ ಸಿನ್ ಲಾ ಔತೊರಿಸಸಿಯೋನ್ ದೆಲ್ ಮಿನಿಸ್ತ್ರೊ, ಈ ಅಸೀ ಲೊ ಕೊನ್ಫಿರ್ಮಾ ರೆಯಿತೆರಾದಾ ಹುರಿಸ್ಪ್ರುದೆನ್ಸಿಯ.’ ಇಡೀ ವಾಕ್ಯದಲ್ಲಿ ‘ಔತೊರಿದಾದ್’ ಒಂದು ಸಲವೂ ಬರಲಿಲ್ಲ ಎಂಬುದನ್ನು ಗಮನಿಸಿ.